ಮೂರು ದಿನ ಒಗ್ಯಾಂಗಿಲ್ಲ

ಲಕ್ಕುಂಡಿಯೊಳಗ ನನ್ನ ದಂಧೆ ಕಲ್ಲಿನ ಜೋಡಿ.
ಈ ಕಂಬ ಬುಗುರಿಹಂಗ ತಿರುಗಿಸಿ ಕಡದದ್ದು,
ಈ ಬಾಗಿಲವಾಡದ ಬಳ್ಳಿ ಎಣಿಸ್ರಿ,
ಇಲ್ಲೆ ಕೈ ಇಡಬ್ಯಾಡ್ರಿ, ಇಲ್ಲೆ ಇಡ್ರಿ, ತಣ್ಣಗೈತಿ ನೋಡ್ರಿ.
ಹನ್ನೊಂದನೇ ಶತಮಾನ ಅಂದಕೂಡ್ಲೆ
ಬಂದವರ ಮಾರಿ ಒಂದ್ಸಲ ಮ್ಯಾಲ ಹೋಗತೈತಿ,
ಅಲ್ಲಿಂದ ಹೊಳ್ಳಿ ಮೊಬೈಲಿಗೆ ಇಳೀತೈತಿ.
ನಲವತ್ತು ನಿಮಿಷ, ಮುನ್ನೂರು ರೂಪಾಯಿ.
ಕಲ್ಲು ಎಂದೂ ನನ್ನ ಮಾತಿಗೆ ಅಡ್ಡ ಬಂದಿಲ್ಲ.

ಭಾದ್ರಪದದ ಒಂದು ಮಧ್ಯಾಹ್ನ
ನಾಶಿಕದ ವಿಜಯಾಬಾಯಿ ಕರಮರಕರ,
ರಿಟಾಯರಾದ ಗಣಿತದ ಟೀಚರು,
ಟೇಪು ಹಿಡಿದು ಕಂಬದ ಸುತ್ತಳತಿ ಬರಕೊಳ್ಳಾಕತ್ತಿದ್ರು.
ಓಣಿ ಕಡಿಂದ ಹಾಡು ಬಂತು.
ಹಾಡಿನ ಹಿಂದ ಬುಟ್ಟಿ,
ಬುಟ್ಟಿ ಕೆಳಗ ಹೊಳೆವ್ವ ಅಂಬಿಗೇರ.
ಬುಟ್ಟ್ಯಾಗ ಬೇವಿನ ತಪ್ಪಲದ ನಡುವ
ಕಣ್ಣು ಅಗಲ, ಹೊಟ್ಟಿ ಮುಂದ, ತುಟಿತುಂಬ ಬೆಣ್ಣಿ,
ನಾಚಿಕಿ ಅನ್ನೂದ ಗೊತ್ತಿರದ ಮಣ್ಣಿನ ಹುಡುಗ.

"ಇದು ಯಾವ ಶತಮಾನದ್ದು?" ಬಾಯಾರು ಕೇಳಿದ್ರು.
ನಾ ಹಿಂದಿಯಿಂದ ಕನ್ನಡಕ್ಕ ತಂದೆ.
ಹೊಳೆವ್ವ ಬುಟ್ಟಿ ಇಳಿಸಿ, ಸೆರಗಿಲೆ ಬೆವರು ಒರಸಿ,
"ಮೊನ್ನಿ ಅಷ್ಟಮಿದು" ಅಂದ್ಲು.

ಹಾಡಿನ ಅರ್ಥ ಕೇಳಿದ್ರು.
ಐವತ್ತು ದಾಟಿದ ನಾ ಕಿವಿತನಕ ಕೆಂಪಾದೆ.
ಹೆಂಗಸರು ನನ್ನ ನೋಡಿ ನಕ್ಕರು,
ಆ ನಗಿಯಿಂದ ಬಾಯಾರಿಗೆ ಅರ್ಥ ಆತು,
ನನ್ನ ತರ್ಜುಮೆ ಬೇಕಾಗಲಿಲ್ಲ.

ಫೋಟೋಕ್ಕ ಮಂಡಿ ಊರಿದ್ರು. ಹೊಳೆವ್ವ ಮರ ಮುಂದ ಚಾಚಿದ್ಲು:
"ಬರೇ ನೋಡಿ ಹೋಗೂ ದೇವರಲ್ಲವ್ವ, ಜ್ವಾಳ ಹಾಕು."
ಬಾಯಾರು ಚೀಲ ತಡಕಿದ್ರು.
ಗುಳಿಗಿ, ಛತ್ರಿ, ಟಿಕೀಟು.
ಕಡೀಕ ಎದುರು ಮನಿ ಕಸ್ತೂರೆವ್ವನ ಹೊಸ್ತಿಲಕ್ಕ ಹೋಗಿ
ಬರೇ ಕೈಸನ್ನಿ ಮ್ಯಾಲ
ಒಂದು ಬೊಗಸಿ ಜ್ವಾಳ ಕಡಾ ತಂದ್ರು.
ಮರ್ಯಾದಿಗೆ ಮರ್ಯಾದಿ: ಹೊಳೆವ್ವ ನಾಕು ಬೇವಿನೆಲಿ ಕೊಟ್ಲು,
ಒಂದು ಚಿಟಿಕಿ ನುಚ್ಚು, ಬೆರಳಿಲೆ ಕಾಡಿಗಿ.
ಬಿಳಿ ಕುರ್ತಾದ ತೋಳಿಗೆ ಕಾಡಿಗಿ ತಾಗಿತು.

"ಮುಂದ ಇವನ ಎಲ್ಲಿ ಇಡತಾರ?"
"ಇಡಾಂಗಿಲ್ರಿ. ಹುಣ್ಣಿವಿ ರಾತ್ರಿ ಸಾಯತಾನ."

ಮರುದಿನದ ಬಾದಾಮಿ ಗಾಡಿ ಬಿಟ್ಟರು.
ಗದಗಿನ ಲಾಡ್ಜಿನ್ಯಾಗ ಐದು ದಿನ ಕಾದರು,
ಸಾಯೂದು ನೋಡಬೇಕು ಅಂತ.
ಹುಣ್ಣಿವಿ ದಿನ ನನ್ನ ಮನಿಗೆ ಬಂದ್ರು.
ನನ್ನ ಹೆಂಡತಿ ದೀಪ ಸಣ್ಣ ಮಾಡಿ ಅಗಳಿ ಹಾಕಿದ್ಲು:
"ಈ ರಾತ್ರಿ ಯಾರೂ ಹೊರಗ ಹೋಗಾಂಗಿಲ್ಲ, ನೋಡಾಂಗಿಲ್ಲ."
ಟೇಪು, ಕ್ಯಾಮೆರಾ, ಪೆನ್ನು ಎಲ್ಲಾ
ನಾಗೊಂದಿ ಮ್ಯಾಲ ಕೂತವು.
ಬಾಯಾರು ಬಾಗಿಲಕ್ಕ ಬೆನ್ನು ಹಚ್ಚಿದ್ರು.
ಹೊರಗ ಒಂದು ನಾಯಿ ಬೊಗಳಿ ಸುಮ್ಮನಾತು.
ಆಮ್ಯಾಲ ಆ ಸುಮ್ಮಗಿರೂದು ಉದ್ದ ಆತು,
ಕೋಳಿ ಕೂಗೂತನಕ.

ಲಾಡ್ಜಿಗೆ ಹೊಳ್ಳಿ ಕುರ್ತಾ ಒಗ್ಯಾಕ ಕೊಟ್ಟರು.
ಮಡಿವಾಳರ ಬಸಲಿಂಗಪ್ಪ ಮುಟ್ಟಲೇ ಇಲ್ಲ:
"ಕಲ್ಲಿನ ಕೆಳಗ ಅವ ಅದಾನ್ರಿ,
ಮೂರು ದಿನ ನಾವು ಒಗ್ಯಾಂಗಿಲ್ಲ."
ಮ್ಯಾನೇಜರ ಕೈ ಮುಗಿದು ಕ್ಷಮಾ ಕೇಳಿದ,
ರೊಕ್ಕದಾಗ ಸೋಡಿ ಕೊಡತೇನಿ ಅಂದ.
ಬಾಯಾರು ಅದs ಕುರ್ತಾ ತೊಟ್ಟು ರೈಲು ಹತ್ತಿದ್ರು,
ತೋಳು ಮಡಚಲಿಲ್ಲ.

ದೀಪಾವಳಿ ಮುಂದ ಒಂದು ಪಾರ್ಸಲ್ ಬಂತು.
ಒಳಗ ಅರಿವಿ ಚೀಲದಾಗ ಜ್ವಾಳ,
ಒಂದು ಚೀಟಿ: ಎದುರು ಮನಿಗೆ, ಒಂದು ಬೊಗಸೆ,
ನನ್ನ ಕೈ ಸಣ್ಣದು, ಅದಕ್ಕೆ ಎರಡು.
ಕಸ್ತೂರೆವ್ವ ಮುಷ್ಟಿ ತುಂಬಿ ಮೂಸಿದ್ಲು.
"ಇದು ನಮ್ಮ ಹೊಲದ್ದಲ್ಲ."
ರೊಟ್ಟಿ ಜ್ವಾಳದಾಗ ಕೂಡಿಸಲಿಲ್ಲ.
ಸಣ್ಣ ಗಡಿಗ್ಯಾಗ ಬ್ಯಾರೆ ಹಾಕಿ, ಬೇವಿನೆಲಿ ಮುಚ್ಚಿ ಇಟ್ಟಾಳ,
ಮುಂದಿನ ಅಷ್ಟಮಿಗೆ.